ರೆಕ್ಕೆಯ ಮೇಲೊಂದು ಹೆಸರು

ಹೊಸ ಸ್ಟೀಲ್ ಡಬ್ಬಿಗೆ ಹೆಸರು ಹಾಕಿಸದೆ ಅಂಗಡಿಯಿಂದ ಮನೆಗೆ ತರುವವರು ನಮ್ಮಲ್ಲಿ ಕಡಿಮೆ. ಇದು ಬರೀ ಕಳ್ಳರ ಭಯದಿಂದಲ್ಲ. ಒಬ್ಬಟ್ಟು ತುಂಬಿಕೊಂಡು ಪಕ್ಕದ ಮನೆಗೆ ಹೋದ ಡಬ್ಬಿ ಮರಳಿ ಬರಬೇಕಲ್ಲ! ಕೈಬಿಟ್ಟು ಹೋಗುವ ವಸ್ತುವಿಗೆ ಹೆಸರು ಬೇಕೆಂಬ ಈ ಅಡುಗೆಮನೆಯ ವಿವೇಕವೇ ಮಾದರಿ ವಿಮಾನ ಸ್ಪರ್ಧೆಗಳ ನಿಯಮ ಪುಸ್ತಕದಲ್ಲೂ ಇದೆ ಎಂದರೆ ಅಚ್ಚರಿಯಾದೀತು.

ವಿಮಾನ ಕ್ರೀಡೆಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್‌ಎಐ ಹುಟ್ಟಿದ್ದು 1905ರಲ್ಲಿ. ಅದರ ಸ್ಪರ್ಧೆಗಳಿಗೆ ಬರುವ ಮಾದರಿ ವಿಮಾನ ತನ್ನ ದೇಶದ ಗುರುತನ್ನೂ ಸ್ಪರ್ಧಿಯ ಸಂಖ್ಯೆಯನ್ನೂ ಹೊತ್ತಿರಬೇಕು. ಅಕ್ಷರ, ಅಂಕಿಗಳ ಎತ್ತರ 25 ಮಿಲಿಮೀಟರಿಗೆ ಕಡಿಮೆ ಇರಬಾರದು. ಹಗ್ಗವೂ ಇಲ್ಲದೆ, ರೇಡಿಯೋ ಹಿಡಿತವೂ ಇಲ್ಲದೆ ತಾನಾಗಿ ಹಾರುವ 'ಫ್ರೀ ಫ್ಲೈಟ್' ಮಾದರಿಯಾದರೆ ಗುರುತು ರೆಕ್ಕೆಯ ಮೇಲ್ಭಾಗದಲ್ಲೇ ಇರಬೇಕು. ಗಾಳಿಪಾಲಾದ ವಿಮಾನ ಹೊಲದಲ್ಲೋ ಹುಲ್ಲುಗಾವಲಲ್ಲೋ ಬಿದ್ದಾಗ ನೋಡಿದವನ ಕಣ್ಣಿಗೆ ಮೊದಲು ಬೀಳುವುದು ಆ ಭಾಗವೇ ತಾನೆ? ಸಭಾಂಗಣದೊಳಗೆ ಹಾರುವ ಹೂವಿನಂಥ ಹಗುರ ಮಾದರಿಗಳಿಗೆ ಈ ಕಟ್ಟಳೆಯಿಂದ ವಿನಾಯಿತಿ ಇದೆ. ಅವು ಗೋಡೆ ದಾಟಿ ಹೋಗುವುದಾದರೂ ಎಲ್ಲಿಗೆ?

ಹೊರಗೆ ಹಾರುವುದರ ಕಥೆಯೇ ಬೇರೆ. ಎಫ್‌1ಎ ಎಂಬ ವರ್ಗದ ಗ್ಲೈಡರ್ ಕನಿಷ್ಠ 410 ಗ್ರಾಂ ತೂಗಬೇಕು. ಅದನ್ನು 50 ಮೀಟರ್ ದಾರದಲ್ಲಿ ಗಾಳಿಪಟದಂತೆ ಎಳೆದು ಬಿಡುತ್ತಾರೆ. ಸಾಮಾನ್ಯ ಸುತ್ತಿನಲ್ಲಿ ಮೂರು ನಿಮಿಷ ಹಾರಿದರೆ ಪೂರ್ಣ ಅಂಕ. ಆದರೆ ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬ, ಅಂದರೆ 'ಥರ್ಮಲ್', ಸಿಕ್ಕಿತೋ, ಅದು ಮೂರಕ್ಕೇ ನಿಲ್ಲುವ ಜಾತಿಯಲ್ಲ. ಹದ್ದಿನಂತೆ ಸುತ್ತುತ್ತ ಮೋಡದತ್ತ ನಡೆದುಬಿಡುತ್ತದೆ. ಹಿಂದೆಲ್ಲ ಇದಕ್ಕೆ ಉರಿಯುವ ಬತ್ತಿ ಕಟ್ಟುತ್ತಿದ್ದರು. ಬತ್ತಿ ಮೆಲ್ಲಗೆ ಉರಿದು ರಬ್ಬರ್ ಬ್ಯಾಂಡನ್ನು ಸುಟ್ಟೊಡನೆ ಬಾಲದ ರೆಕ್ಕೆ ಮೇಲೆದ್ದು ವಿಮಾನ ಕೆಳಗಿಳಿಯುತ್ತಿತ್ತು. ಆಮೇಲೆ ಗಡಿಯಾರದಂಥ ಟೈಮರ್ ಬಂತು. ಬತ್ತಿ ಆರಿದರೆ, ಟೈಮರ್ ಕೈಕೊಟ್ಟರೆ ಉಳಿಯುವುದು ರೆಕ್ಕೆಯ ಮೇಲಿನ ಗುರುತೊಂದೇ.

ಗುರುತಿಗೆ ಇನ್ನೊಂದು ಕೆಲಸವೂ ಉಂಟು. ಸ್ಪರ್ಧಿ ಒಂದಕ್ಕಿಂತ ಹೆಚ್ಚು ವಿಮಾನ ತರಬಹುದು, ಆದರೆ ಅದಕ್ಕೊಂದು ಮಿತಿಯಿದೆ. ಇದರ ರೆಕ್ಕೆ, ಅದರ ಬಾಲ ಜೋಡಿಸಿ ಮಿತಿಗಿಂತ ಹೆಚ್ಚು ವಿಮಾನ ಹಾರಿಸಬಾರದೆಂದು ಫ್ರೀ ಫ್ಲೈಟ್ ಮಾದರಿಯ ಪ್ರತಿಯೊಂದು ಭಾಗದ ಮೇಲೂ ಆ ವಿಮಾನದ ಸಂಕೇತ ಬರೆದಿರಬೇಕು. ಹೆಸರು ಇಲ್ಲಿ ಪ್ರಾಮಾಣಿಕತೆಗೂ ಸಾಕ್ಷಿ.

ಮೂರನೆಯದು ಹೊಣೆ. ಅಮೆರಿಕದಲ್ಲಿ 2015ರಿಂದ, ನಡುವೆ ನ್ಯಾಯಾಲಯದ ತಡೆಯಿಂದ ಕೆಲಕಾಲ ನಿಂತರೂ, 250 ಗ್ರಾಂ ಮೀರಿದ ಹವ್ಯಾಸಿ ವಿಮಾನಗಳಿಗೂ ನೋಂದಣಿ ಬಂತು. ಮೊದಲು ಸಂಖ್ಯೆಯನ್ನು ಬ್ಯಾಟರಿ ಗೂಡಿನೊಳಗೆ ಬರೆದರೂ ನಡೆಯುತ್ತಿತ್ತು. 2019ರ ಫೆಬ್ರುವರಿಯಿಂದ ಅದು ಹೊರಮೈ ಮೇಲೇ ಕಾಣಬೇಕಾಯಿತು. ಬಿದ್ದ ಯಂತ್ರದ ಗೂಡನ್ನು ತೆರೆಯುವ ಪೊಲೀಸಿನವನ ಕೈಗೆ ಒಳಗೆ ಸ್ಫೋಟಕ ಸಿಕ್ಕರೆ ಗತಿಯೇನೆಂಬ ಆತಂಕ ಅದಕ್ಕೆ ಕಾರಣ. ನಮ್ಮಲ್ಲೂ 2021ರ ಡ್ರೋನ್ ನಿಯಮಗಳು, ಕೆಲವು ವಿನಾಯಿತಿಗಳನ್ನು ಬಿಟ್ಟು, ಡ್ರೋನ್‌ಗಳಿಗೆ ವಿಶಿಷ್ಟ ಗುರುತಿನ ಸಂಖ್ಯೆ ಬೇಕೆನ್ನುತ್ತವೆ. 'ಇದು ನನ್ನದು' ಎಂದು ಬರೆದವನು 'ಇದರಿಂದಾದದ್ದಕ್ಕೆ ನಾನು ಉತ್ತರ ಹೇಳುತ್ತೇನೆ' ಎಂದೂ ಬರೆದಂತೆಯೇ.

ಈ ಮಾತಿನ ತೂಕವನ್ನು ನನಗೆ ತೋರಿಸಿಕೊಟ್ಟವನು ಹದಿಮೂರರ ಹುಡುಗ. ಶಾಲಾ ಮಕ್ಕಳ ಗ್ಲೈಡರ್ ಸ್ಪರ್ಧೆಯೊಂದರಲ್ಲಿ ಮಾದರಿಗಳನ್ನು ಪರಿಶೀಲಿಸುವ ಮೇಜಿನ ಬಳಿ ನಾನಿದ್ದೆ. ಅವನು ತಂದ ಬಾಲ್ಸಾ ಗ್ಲೈಡರ್ ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು. ರೆಕ್ಕೆಯ ಮೇಲೆ ಹೆಸರು ಮಾತ್ರ ಇರಲಿಲ್ಲ. ಮಾರ್ಕರ್ ಪೆನ್ನು ಕೊಟ್ಟು, "ಬರಿಯಪ್ಪ" ಎಂದೆ. ಹುಡುಗ ಪೆನ್ನು ಹಿಡಿದು ಸುಮ್ಮನೆ ನಿಂತ.

"ಬರಿಯೋ, ಏನು ಯೋಚನೆ?" ಎಂದರು ಜೊತೆಗಿದ್ದ ತಂದೆ.

"ಅಪ್ಪಾ, ಇದನ್ನ ಮಾಡಿದ್ದು ನೀವಲ್ವಾ?"

ತಂದೆಯ ಮುಖ ಕೆಂಪಾಯಿತು. "ಯಾರು ಮಾಡಿದರೇನು, ಹಾರಿಸೋನು ನೀನು ತಾನೆ?" ಎಂದರು. ಗುರುತಿನ ಕಟ್ಟಳೆಯನ್ನಷ್ಟೇ ನೋಡಿದರೆ ಅವರ ಮಾತು ತಪ್ಪಲ್ಲ. ಅದು ಕೇಳುವುದು ಯಾರದು ಎಂದು, ಯಾರು ಮಾಡಿದ್ದು ಎಂದಲ್ಲ. ಆದರೆ ಹುಡುಗನಿಗೆ ಆ ಎರಡು ಪ್ರಶ್ನೆಗಳೂ ಒಂದೇ ಆಗಿದ್ದವು. ಅವನು ಚೀಲದಿಂದ ಇನ್ನೊಂದು ಗ್ಲೈಡರ್ ತೆಗೆದ. ಅಂಟು ಅಲ್ಲಲ್ಲಿ ಗಂಟುಗಟ್ಟಿತ್ತು, ಒಂದು ರೆಕ್ಕೆ ತುಸು ಸೊಟ್ಟ. "ಸರ್, ಇದನ್ನ ಹಾರಿಸಬಹುದಾ?" ಎಂದ. ನಾನು ತಲೆಯಾಡಿಸಿದೆ. ಅದರ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದ.

ಪಟ್ಟಿಯಲ್ಲಿ ಅವನ ಸ್ಥಾನ ಕೊನೆಯಿಂದ ಎರಡನೆಯದು. ಆದರೆ ಎರಡನೇ ಸುತ್ತಿನಲ್ಲಿ ಆ ಸೊಟ್ಟ ಗ್ಲೈಡರ್ ಬೇಲಿಯಾಚೆ ಹೋಗಿ ಬಿದ್ದಾಗ, ಪ್ಯಾಂಟು ಮಡಿಸಿಕೊಂಡು ಮುಳ್ಳಿನ ಪೊದೆಗಳ ನಡುವೆ ಹುಡುಕಲು ಹೊರಟವರು ಅದೇ ತಂದೆ.

ಪಾಲಕರಲ್ಲಿ ನನ್ನದೊಂದು ವಿನಂತಿ. ಮಗುವಿಗೆ ಬ್ಲೇಡು ಹಿಡಿಯುವುದನ್ನು ಕಲಿಸಿ, ಅಂಟು ಒಣಗುವವರೆಗೆ ಜೊತೆಗೆ ಕುಳಿತಿರಿ, ಸೊಟ್ಟಾಗಿದ್ದರೆ ಯಾಕೆ ಸೊಟ್ಟಾಯಿತೆಂದು ಕೇಳಿ. ರೆಕ್ಕೆಯ ಮೇಲೆ ಹೆಸರು ಬರೆಯುವ ಹೊತ್ತಿಗೆ ಪೆನ್ನು ಅದರ ಕೈಗೇ ಕೊಟ್ಟುಬಿಡಿ. ಅದು ಅನುಮಾನಿಸದೆ ಬರೆಯುವಂತಿದ್ದರೆ ವಿಮಾನ ಎಷ್ಟು ಸೆಕೆಂಡು ಹಾರಿತೆಂಬ ಚಿಂತೆ ನಿಮಗೆ ಬೇಡ.