ಕಾಲಿದ್ದಷ್ಟು ಸೀಟು

ನಿಗಡಿಯಲ್ಲಿ ನೆಲೆಸಿದ ನಮಗೆ ಭಕ್ತಿ-ಶಕ್ತಿ ಚೌಕವೇ ಊರ ಹೆಬ್ಬಾಗಿಲು. ಶಿವಾಜಿ ಮಹಾರಾಜರೂ ಸಂತ ತುಕಾರಾಮರೂ ಭೇಟಿಯಾದ ಶಿಲ್ಪವಿರುವ ಆ ಸ್ಥಳದಿಂದ ಹಳೆಯ ಮುಂಬಯಿ ರಸ್ತೆ ಲೋಣಾವಳೆಯತ್ತ ಸಾಗುತ್ತದೆ. ತುಸು ಮುಂದೆ, ದೇಹೂ ರೋಡಿನ ಬಳಿ, ಸಾತಾರಾ, ಕೊಲ್ಲಾಪುರ, ಬೆಳಗಾವಿಗಳ ಮೇಲೆ ಬೆಂಗಳೂರಿಗೆ ಹೋಗುವ ಹೆದ್ದಾರಿ ಕವಲಾಗುತ್ತದೆ. ನಮ್ಮೂರಿನ ದಾರಿ ಇಷ್ಟು ಸಮೀಪದಲ್ಲಿರುವಾಗ ಸೈಕಲ್ಲೇರಿ ಹೊರಡುವ ಆಸೆ ಯಾರಿಗೆ ಹುಟ್ಟದು? ಆದರೆ ಎಷ್ಟೋ ಮನೆಗಳಲ್ಲಿ ಆ ಆಸೆ ಎರಡು ಭಾನುವಾರಗಳಲ್ಲೇ ತೀರಿ, ಸೈಕಲ್ಲಿನ ಮೇಲೆ ಬಟ್ಟೆ ಒಣಗುವುದನ್ನು ನಾವು ಕಂಡಿದ್ದೇವೆ. ಕೇಳಿದರೆ, "ವಯಸ್ಸಾಯಿತು ನೋಡಿ, ಮೊಣಕಾಲು ನೋವು" ಎಂಬ ಉತ್ತರ. ಅನೇಕ ಸಲ ದೋಷ ವಯಸ್ಸಿನದಲ್ಲ, ಅಳತೆಯದು.

ಅಂಗಡಿಯಲ್ಲಿ ಬಣ್ಣವನ್ನೂ ಗೇರುಗಳ ಸಂಖ್ಯೆಯನ್ನೂ ವಿಚಾರಿಸುವ ಮೊದಲು ಚೌಕಟ್ಟನ್ನು ನೋಡಬೇಕು. ಮೇಲಿನ ದಂಡದ ಎರಡೂ ಬದಿಗೆ ಕಾಲೂರಿ ನಿಂತಾಗ ಎರಡು ಬೆರಳಗಲವಾದರೂ ಸಂದು ಉಳಿಯಬೇಕು. ಸೀಟನ್ನು ಆಮೇಲೆ ಇಳಿಸಬಹುದು. ಚೌಕಟ್ಟನ್ನು ಗಿಡ್ಡ ಮಾಡಲಾಗದು. "ಹುಡುಗ ಬೆಳೆಯುತ್ತಾನೆ, ಇರಲಿ" ಎಂದು ದೊಡ್ಡದನ್ನೇ ತರುವುದು ನಮ್ಮ ಸಂಸಾರಗಳ ವಾಡಿಕೆ. ದೊಗಳೆ ಅಂಗಿ ತೊಟ್ಟವನು ಬೀಳುವುದಿಲ್ಲ. ನೆಲಕ್ಕೆ ಕಾಲು ನಿಲುಕದ ಸೈಕಲ್ಲೇರಿದವನು ಬಿದ್ದಾನು. ದೂರಪ್ರಯಾಣಕ್ಕಾದರೆ ಗಟ್ಟಿ ಕ್ಯಾರಿಯರ್, ಮಡ್‌ಗಾರ್ಡು, 32 ಮಿಲಿಮೀಟರಿಗೆ ಕಡಿಮೆಯಿಲ್ಲದ ಟಯರು, ಏರಿಗೆ ಹಗುರವಾದ ಗೇರು ಇರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಿರಿಯರ ಮಾತು. ಸೈಕಲ್ಲಿನ ಮಟ್ಟಿಗೆ ಅದನ್ನು ತಿರುಗಿಸಿ, ಕಾಲಿದ್ದಷ್ಟು ಸೀಟು ಏರಿಸು ಎನ್ನಬೇಕು. ಮನೆಯವರೊಬ್ಬರು ಹ್ಯಾಂಡಲ್ಲು ಹಿಡಿದಿರಲಿ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಗಿಳಿಸಿದಾಗ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗವನ್ನಿಟ್ಟರೆ ಮೊಣಕಾಲಿನಲ್ಲಿ ತುಸು ಬಾಗು ತಾನಾಗಿ ಉಳಿಯುತ್ತದೆ. ಲೆಕ್ಕ ಬೇಕೆನ್ನುವವರಿಗೆ 1967ರಲ್ಲಿ ಇಂಗ್ಲೆಂಡಿನ ಹ್ಯಾಮ್ಲಿ, ಥಾಮಸ್ ಎಂಬಿಬ್ಬರು ಪ್ರಕಟಿಸಿದ ಸೂತ್ರವಿದೆ: ತೊಡೆಸಂದಿಯಿಂದ ನೆಲದವರೆಗಿನ ಅಳತೆಯ ಶೇಕಡ 109ರಷ್ಟು ಅಂತರ, ಕೆಳಗಿಳಿದ ಪೆಡಲಿನಿಂದ ಸೀಟಿನ ನೆತ್ತಿಗೆ. ಕಾಲು 80 ಸೆಂಟಿಮೀಟರಾದರೆ ಇದು ಸುಮಾರು 87. ಮೊಣಕಾಲಿನ ಮುಂಭಾಗ ನೊಂದರೆ ಸೀಟು ತಗ್ಗಾಗಿರಬಹುದು. ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೆ ಎತ್ತರವಾಗಿದೆ. ಮನೆಮಂದಿಗೆಲ್ಲ ಒಂದೇ ಸೈಕಲ್ಲಾದರೆ ಸೀಟಿನ ಕಂಬದ ಮೇಲೆ ಒಬ್ಬೊಬ್ಬರ ಗುರುತು ಹಾಕಿಡಿ. ಕಂಬದಲ್ಲಿ ಕೊರೆದಿರುವ ಕೊನೆಯ ಗೆರೆ ಹೊರಗೆ ಕಾಣುವಷ್ಟು ಮಾತ್ರ ಎಂದೂ ಎಳೆಯಬೇಡಿ.

ವಾರವೆಲ್ಲ ಫೈಲುಗಳ ಮುಂದೆ ಬಾಗುವ ನಮ್ಮಂಥ ಗುಮಾಸ್ತರ ಬೆನ್ನಿಗೆ ಹ್ಯಾಂಡಲ್ಲು ಸೀಟಿನ ಮಟ್ಟಕ್ಕಿರುವುದೇ ಹಿತ. ಅಂಗೈ ಜೋಮು ಹಿಡಿದರೆ ಸೀಟಿನ ಮೂತಿ ಮುಂದಕ್ಕೆ ಬಾಗಿದೆಯೇ ನೋಡಿ. ಒಂದು ಸಲಕ್ಕೆ ಒಂದನ್ನೇ, ಅದೂ ನಾಲ್ಕೈದು ಮಿಲಿಮೀಟರಿನಷ್ಟೇ ಬದಲಿಸಿ. ಇಲ್ಲವಾದರೆ ಗುಣ ಯಾವುದರಿಂದ ಬಂತೆಂದು ತಿಳಿಯದು.

ಸಾಮಾನು ಹೇರಿಕೊಂಡೇ ಮೊದಲು ಇಂದ್ರಾಯಣಿಯ ದಡದ ದೇಹೂವಿಗೆ ಹೋಗಿ ಬನ್ನಿ. ಮೈ ಒಪ್ಪಿದರೆ ಸುಮಾರು 40 ಕಿಲೋಮೀಟರಿನ ಲೋಣಾವಳೆ. ಬೆಳಗಾವಿ ಎಲ್ಲಿಗೂ ಓಡಿಹೋಗುವುದಿಲ್ಲ. ಮೊಣಕಾಲು ನೆಟ್ಟಗಿದ್ದರೆ ಮುಂದಿನ ದೀಪಾವಳಿಗೋ ಅದರ ಮುಂದಿನದಕ್ಕೋ ನೀವು ಊರು ಮುಟ್ಟುವಿರಿ.