ರೇಷ್ಮೆ ನಾಡಿನಲ್ಲೊಂದು ಹಿತ್ತಲ ಪಾಠ

ಮನೆಯಲ್ಲೊಂದು ನಾಯಿಮರಿ, ಹಿತ್ತಲ ತುಂಬ ಹೂಗಿಡ. ಇದಕ್ಕಿಂತ ಸೊಗಸು ಬೇರೇನಿದೆ ಎಂದುಕೊಂಡಿದ್ದೆವು. ಒಂದು ಸಂಜೆ ಮರಿ ಕಣಗಿಲೆ ಕಡ್ಡಿಯನ್ನು ಜಗಿದು, ವಾಂತಿ ಮಾಡಿಕೊಂಡು ನೆಲ ಹಿಡಿಯಿತು. ತಡಮಾಡದೆ ಪಶುವೈದ್ಯರ ಬಳಿ ಹೊತ್ತೊಯ್ದದ್ದರಿಂದ ಬದುಕಿತು. 'ನಮಗೆ ಗಿಡ ಬೇಕೋ, ನಾಯಿ ಬೇಕೋ?' ಎಂದು ಮಗಳು ಅಳುತ್ತಲೇ ಕೇಳಿದಳು. ಎರಡೂ ಬೇಕು. ಆದರೆ ಹೇಗೆ? ಉತ್ತರ ಹೊಳೆದದ್ದು ರಾಮನಗರದ ಕಡೆ ಹೋದಾಗ.

ಬೆಂಗಳೂರಿನಿಂದ ಮೈಸೂರು ದಾರಿ ಹಿಡಿದರೆ ಸುಮಾರು 50 ಕಿ.ಮೀ. ದೂರದಲ್ಲಿ ರಾಮನಗರ. 1975ರ 'ಶೋಲೆ' ಚಿತ್ರದ ಬಂಡೆಗಳನ್ನು ನೋಡಲೆಂದೇ ಬರುವವರಿದ್ದಾರೆ. ನಮ್ಮ ಕಣ್ಣು ಮಾತ್ರ ಬಂಡೆಗಳ ಬುಡದ ಹಿಪ್ಪುನೇರಳೆ ತೋಟಗಳ ಮೇಲೆ ನೆಟ್ಟಿತು. ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡವುಗಳಲ್ಲೊಂದು.

ರೇಷ್ಮೆಹುಳುವನ್ನು ಯಾರೂ ಸಾಕುಪ್ರಾಣಿ ಎಂದು ಕರೆಯುವುದಿಲ್ಲ. ಆದರೆ ಅದರಷ್ಟು ಮನುಷ್ಯನನ್ನೇ ನೆಚ್ಚಿದ ಜೀವಿ ಅಪರೂಪ. ಸಾವಿರಾರು ವರ್ಷ ಮನೆಯೊಳಗೇ ಬೆಳೆದು ಅದರ ಪತಂಗಕ್ಕೆ ಹಾರಾಟವೇ ಮರೆತಿದೆ. ಹಿಪ್ಪುನೇರಳೆ ಸೊಪ್ಪೇ ಅದರ ಊಟ. ಹಾಗಾಗಿ ಇಲ್ಲಿನ ರೈತ ತೋಟವನ್ನು ನೋಡುವುದೇ ಬೇರೆ ರೀತಿ. ಎಲೆಗೆ ಹೊಡೆದ ಔಷಧಿ ನೇರವಾಗಿ ಹುಳುವಿನ ಬಾಯಿಗೆ ಹೋಗುತ್ತದೆ. ಪಕ್ಕದ ಹೊಲದ ಸಿಂಪಡಣೆ ಗಾಳಿಯಲ್ಲಿ ತೇಲಿ ಬಂದರೂ ಬೆಳೆ ಹೋದಂತೆ. ಹೊಗೆಸೊಪ್ಪಿನ ಗಿಡವೂ ಹತ್ತಿರ ಇರಕೂಡದು. ಹುಳುಮನೆಯಲ್ಲಿ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು. 1980ರಲ್ಲಿ ರಾಜ್ಯಕ್ಕೆ ಕಾಲಿಟ್ಟ ಊಜಿ ನೊಣ ನುಗ್ಗದಂತೆ ಕಿಟಕಿಗೆ ಬಲೆ. ವಿಷ ಸುರಿಯುವುದಕ್ಕಿಂತ ದಾರಿ ತಡೆಯುವುದೇ ಲೇಸು ಎಂಬುದು ಇಲ್ಲಿನ ಜಾಣ್ಮೆ.

ಅದೇ ಹೆದ್ದಾರಿಯಲ್ಲಿ ಮುಂದೆ ಚನ್ನಪಟ್ಟಣ. ಹಾಲೆ ಮರದ ತುಂಡು ತಿರುಗುತ್ತಾ ತಿರುಗುತ್ತಾ ಅರಗಿನ ಬಣ್ಣ ಮೆತ್ತಿಕೊಂಡು ಬೊಂಬೆಯಾಗುವುದನ್ನು ಮಗಳು ಬೆರಗಿನಿಂದ ನೋಡಿದಳು. ಅರಿಸಿನದಂಥ ಗಿಡಮೂಲದ ಬಣ್ಣ ಬಳಸುವುದು ಮಗು ಬೊಂಬೆಯನ್ನು ಬಾಯಿಗಿಡುತ್ತದೆಂದು ಗೊತ್ತಿರುವುದರಿಂದ. ಸ್ವಾರಸ್ಯವೆಂದರೆ, ಹಾಲೆ ಮರವೂ ನಮ್ಮ ಮರಿಯನ್ನು ಕೆಡವಿದ ಕಣಗಿಲೆಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು! ಕುಲ ನೋಡಿದರೆ ಸಾಲದು, ಗಿಡದ ಗುಣವನ್ನೇ ಅರಿಯಬೇಕು.

ಹಿಂದಿರುಗಿ ಕನಕಪುರದ ಕಡೆ ತಿರುಗಿದೆವು. ಹಳ್ಳಿಯ ಹಿತ್ತಲುಗಳಲ್ಲಿ ತೆಂಗು, ಬಾಳೆ, ಹಸು, ಕೋಳಿ, ನಾಯಿ ಎಲ್ಲಕ್ಕೂ ಜಾಗವಿದೆ. ಹುಳು ತಿಂದುಳಿಸಿದ ಹಿಪ್ಪುನೇರಳೆ ಕಡ್ಡಿಸೊಪ್ಪು ಮೇಕೆಗೆ, ಮೇಕೆಯ ಹಿಕ್ಕೆ ತೋಟಕ್ಕೆ. ಗೊಬ್ಬರದ ಮಾತು ಬಂದಾಗ ಒಂದು ಎಚ್ಚರ ನೆನಪಾಯಿತು. ಹರಳು ಹಿಂಡಿಯ ವಾಸನೆ ನಾಯಿಗಳನ್ನು ಸೆಳೆಯುತ್ತದೆ. ತಿಂದರೆ ಪ್ರಾಣಕ್ಕೇ ಸಂಚಕಾರ.

ಮಾಗಡಿಗೆ ಹೋದದ್ದು ಇನ್ನೊಂದು ಭಾನುವಾರ. ಸಾವನದುರ್ಗದ ನೆರಳಿನ ಈ ಸೀಮೆ ಹಳ್ಳಿಕಾರ್ ಎತ್ತುಗಳದ್ದು. ಕಣಗಿಲೆಯ ಹಸಿ ಎಲೆ ಕಹಿ, ದನ ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ಆದರೆ ಕತ್ತರಿಸಿ ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಬೇಲಿ ಸವರಿದ ಕಡ್ಡಿಯನ್ನು ಕೊಟ್ಟಿಗೆಯ ಹತ್ತಿರ ಎಸೆಯಬಾರದೆಂಬುದು ಅದಕ್ಕೇ.

ಮನೆಗೆ ಬಂದವರೇ ಹಿತ್ತಲನ್ನು ಹೊಸದಾಗಿ ಜೋಡಿಸಿದೆವು. ಕಣಗಿಲೆ, ದತ್ತೂರಿ, ಡೈಫೆನ್‌ಬಾಕಿಯಾ, ಸೈಕಸ್ ತೆಗೆದೆವು. ದಾಸವಾಳ, ಗುಲಾಬಿ, ಮಲ್ಲಿಗೆ, ಬಾಳೆ ಉಳಿದವು. ಬೆಕ್ಕಿರುವ ಮನೆಯವರು ಲಿಲ್ಲಿಯನ್ನೂ ದೂರವಿಡಬೇಕು. ಅದು ಬೆಕ್ಕಿನ ಮೂತ್ರಪಿಂಡವನ್ನೇ ಕೆಡಿಸುತ್ತದೆ. ನಾಯಿ ಕಾಂಪೌಂಡಿನ ಅಂಚಿನಲ್ಲೇ ಸುತ್ತು ಹಾಕುತ್ತದೆ. ಆ ಅಂಚನ್ನು ಅದಕ್ಕೇ ಬಿಟ್ಟು, ಗಿಡಗಳನ್ನು ಒಳಕ್ಕೆ ಸರಿಸಿ, ಇಟ್ಟಿಗೆ ಕಟ್ಟಿ ಪಾತಿ ಎತ್ತರಿಸಿದೆವು. ಒಂದು ಮೂಲೆಯಲ್ಲಿ ಗರಿಕೆ, ನೆರಳಲ್ಲೊಂದು ನೀರಿನ ತೊಟ್ಟಿ, ಕೆದರಿ ಆಡಲು ಮರಳು. ಬಸವನಹುಳುವಿಗೆ ವಿಷದ ಗುಳಿಗೆ ಇಡುವುದನ್ನು ಬಿಟ್ಟು ಸಂಜೆ ಕೈಯಿಂದಲೇ ಆರಿಸುತ್ತೇವೆ. ಆ ಕೆಲಸ ಮಗಳದ್ದು.

ಈಗ ಯಾವ ಗಿಡ ತಂದರೂ ಅವಳು ಮೊದಲು ಕೇಳುವುದು ಹೂವಿನ ಬಣ್ಣವನ್ನಲ್ಲ. 'ಅಪ್ಪಾ, ಇದನ್ನು ಯಾರಾದರೂ ತಿಂದರೆ?' ಎನ್ನುತ್ತಾಳೆ. ರೇಷ್ಮೆ ಬೆಳೆಗಾರ ದಿನವೂ ಕೇಳಿಕೊಳ್ಳುವ ಪ್ರಶ್ನೆಯೂ ಅದೇ.