ಹೆಚ್ಚಾಗಿ ಬಂದ ಹಣ

ಸಂಬಳವನ್ನೇ ನಂಬಿ ಬಾಳುವವರಿಗೆ ಹಣ ಹೋಗುವ ದಾರಿಗಳೆಲ್ಲ ಚಿರಪರಿಚಿತ. ಹಾಲಿನವನು, ದಿನಸಿಯ ಅಂಗಡಿಯವನು, ಶಾಲೆಯ ಶುಲ್ಕ, ಮನೆಯ ಸಾಲದ ಕಂತು, ಇವೆಲ್ಲ ತಿಂಗಳ ಮೊದಲ ವಾರದಲ್ಲಿಯೇ ಸಾಲಾಗಿ ನಿಂತು ತಮ್ಮ ತಮ್ಮ ಪಾಲನ್ನು ಒಯ್ಯುತ್ತವೆ. ಹಣ ಬರುವ ದಾರಿ ಮಾತ್ರ ಒಂದೇ. ಅದರ ಬಾಗಿಲು ತೆರೆಯುವುದೂ ತಿಂಗಳಿಗೊಮ್ಮೆ. ಹೀಗಿರುವಾಗ ನಡುತಿಂಗಳಲ್ಲಿ ಯಾರೂ ಕರೆಯದೆ ಹಣವೊಂದು ತಾನಾಗಿ ಬಂದು ನಮ್ಮ ಖಾತೆಯಲ್ಲಿ ಕುಳಿತರೆ, ಅದನ್ನು ‘ನೀನು ಯಾರು, ಎಲ್ಲಿಂದ ಬಂದೆ?’ ಎಂದು ವಿಚಾರಿಸುವಷ್ಟು ಒರಟುತನ ಯಾರಿಗಿದೆ?

ಬಂದದ್ದು ವಿಮೆಯ ಹಣ. ‘ವಿಮೆ’ ಎಂಬ ಮಾತು ನಮ್ಮಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ ಅದು ಸಂಸ್ಕೃತದಿಂದಲೇ ಇಳಿದುಬಂದದ್ದೆಂದು ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿ ತಿಳಿದಿದ್ದಾರೆ. ಅದು ಪಾರಸಿಯಿಂದ ಬಂದ ಮಾತು. ಆ ಭಾಷೆಯಲ್ಲಿ ‘ಬೀಮ್’ ಎಂದರೆ ಭಯ. ಜೀವದ ಭಯಕ್ಕೆ ವಿಮೆ ಮಾಡಿಸುವ ಪದ್ಧತಿ ತಾತಂದಿರ ಕಾಲದಿಂದಲೂ ಇದೆ. ಮನೆಯ ವಿಷಯದಲ್ಲಿ ಮಾತ್ರ ನಾವು ಗೃಹಪ್ರವೇಶದ ದಿನ ಕಟ್ಟಿದ ಕುಂಬಳಕಾಯಿಯನ್ನೇ ನಂಬಿಕೊಂಡು ಕುಳಿತವರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಗಳನ್ನು ಹೊತ್ತೊಯ್ದವು. ಮರುವರ್ಷ ಅದೇ ಆಗಸ್ಟಿನಲ್ಲಿ ನಮ್ಮ ಶಿವಮೊಗ್ಗದಲ್ಲಿಯೇ ತುಂಗೆ ಉಕ್ಕಿ, ತಗ್ಗಿನ ಬಡಾವಣೆಗಳ ಜನ ಪಾತ್ರೆಪಗಡಗಳನ್ನು ತಲೆಯ ಮೇಲೆ ಹೊತ್ತು ಹೊರಬಂದರು. ಅದನ್ನು ಕಣ್ಣಾರೆ ಕಂಡ ಮೇಲೆ, ಸಾಲ ಮಾಡಿ ಮನೆ ಕಟ್ಟಿದವನಿಗೆ ಕುಂಬಳಕಾಯಿಯೊಂದೇ ಸಾಲದೆನ್ನಿಸಿತು.

2021ರ ಏಪ್ರಿಲ್ 1ರಿಂದ ದೇಶದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡುತ್ತಿವೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಭೂಕುಸಿತ, ದೊಂಬಿ, ಎಲ್ಲವೂ ಅದರಲ್ಲಿ ಸೇರಿವೆ. ಇಲ್ಲಿ ನಿವೇಶನದ ಬೆಲೆ ಲೆಕ್ಕಕ್ಕಿಲ್ಲ. ಮಣ್ಣು ಎಲ್ಲಿಗೂ ಓಡಿಹೋಗುವುದಿಲ್ಲವಷ್ಟೆ! ಬಿದ್ದ ಮನೆಯನ್ನು ಮತ್ತೆ ಎಬ್ಬಿಸಲು ಎಷ್ಟು ಖರ್ಚಾದೀತೋ ಅಷ್ಟಕ್ಕೇ ವಿಮೆ. ಆದ್ದರಿಂದಲೇ ಕಂತೂ ಹಗುರ. ನನ್ನ ಮನೆಗೆ ವರ್ಷಕ್ಕೆ 1,750 ರೂಪಾಯಿ, ಶೇಕಡಾ 18ರ ತೆರಿಗೆ ಸೇರಿ 2,065. ಮೇ 31ಕ್ಕೆ ಮುಗಿಯುವ ಪಾಲಿಸಿಗೆ ಬ್ಯಾಂಕಿನವರೇ ನನ್ನ ಖಾತೆಯಿಂದ ಹಣ ತೆಗೆದು ಕಂಪನಿಗೆ ಕಳುಹಿಸುವ ಏರ್ಪಾಡಿತ್ತು.

2024ರ ಮೇ ಕೊನೆಯ ವಾರದಲ್ಲಿ ಆ 2,065 ರೂಪಾಯಿ ಹೋಯಿತು. ಎರಡು ದಿನ ಕಳೆದು ಇನ್ನೊಂದು 1,475 ರೂಪಾಯಿ, ಅದೂ ‘ಗೃಹವಿಮೆ’ ಎಂಬ ಹೆಸರಿನಲ್ಲಿಯೇ ಹೋಯಿತು. ಮನೆಯ ಲೆಕ್ಕ ಬರೆಯುವವಳು ನನ್ನಾಕೆ. “ನಮಗೆ ಎರಡನೆಯ ಮನೆ ಯಾವಾಗ ಆಯಿತು?” ಎಂದು ಅವಳು ಕೇಳಿದ ಧಾಟಿಯಲ್ಲಿ ಪ್ರಶ್ನೆಗಿಂತ ಹೆಚ್ಚಿನದೇನೋ ಇತ್ತು.

ನಾನು ಬ್ಯಾಂಕಿಗೆ ಹೋದೆ. ಅಲ್ಲಿಯ ಗುಮಾಸ್ತರು ಕಂಪನಿಯನ್ನು ಕೇಳಿ ಎಂದರು. ಕಂಪನಿಯ ಕಚೇರಿ ಸಿಹಿತಿಂಡಿಯ ಅಂಗಡಿಯೊಂದರ ಮಹಡಿಯ ಮೇಲಿದೆ; ಅವರು ಬ್ಯಾಂಕನ್ನು ಕೇಳಿ ಎಂದರು. ದೂರವಾಣಿಯಲ್ಲಿ ಯಂತ್ರವೊಂದು ಕನ್ನಡಕ್ಕೆ ಎರಡನ್ನು ಒತ್ತಲು ಹೇಳಿತು, ಒತ್ತಿದೆ, ಅದು ಹಿಂದಿಯಲ್ಲಿ ಉತ್ತರಿಸಿತು. ಕೊನೆಗೆ ಬ್ಯಾಂಕಿನ ಗುಮಾಸ್ತರು, “ಒಂದೇ ಬಿಲ್ಲು ಎರಡು ಸಲ ಬಿದ್ದಿದೆ ಸಾರ್, ಆಗುವುದುಂಟು. ಬರೆದುಕೊಡಿ, ವಾಪಸು ಬರುತ್ತದೆ” ಎಂದು ಸಮಾಧಾನ ಹೇಳಿದರು. ಒಂದೇ ಬಿಲ್ಲಾದರೆ ಎರಡು ಮೊತ್ತ ಹೇಗೆ ಎಂದು ನಾನು ಕೇಳಿದ್ದಕ್ಕೆ ಅವರು ಗಣಕಯಂತ್ರದ ಕಡೆ ಕೈ ತೋರಿಸಿದರು. ಹಿಂದಿನವರು ವಿಧಿಯ ಕಡೆ ಕೈ ತೋರಿಸುತ್ತಿದ್ದರು, ಇಷ್ಟೇ ವ್ಯತ್ಯಾಸ. ನನ್ನದಲ್ಲದ 1,475 ರೂಪಾಯಿಯನ್ನು ಹಿಂದಿರುಗಿಸಬೇಕೆಂದು ಸ್ಪಷ್ಟವಾಗಿ ಬರೆದುಕೊಟ್ಟು, ಮುದ್ರೆ ಒತ್ತಿದ ಪ್ರತಿಯೊಂದನ್ನು ಪಡೆದು ಬಂದೆ.

ಜೂನ್ 14, ಶುಕ್ರವಾರ ಸಂಜೆ ಹಣ ಬಂತು. 1,475 ಅಲ್ಲ, 3,540 ರೂಪಾಯಿ!

ಮನೆಯಲ್ಲಿ ಸಣ್ಣದೊಂದು ಹಬ್ಬವೇ ಆಯಿತು. ಕುಕ್ಕರಿನ ಹಿಡಿ ಮುರಿದು ಎಷ್ಟು ಕಾಲವಾಯಿತೆಂಬುದು ನನ್ನಾಕೆಗೆ ನೆನಪಾಯಿತು. ಮಗ ಕೇರಂ ಬೋರ್ಡಿನ ಮಾತೆತ್ತಿದ. ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ತಾಯಿ ಮಾತ್ರ ಕೈ ನಿಲ್ಲಿಸಿ, “ಎರಡೂ ಕಂತಿನ ದುಡ್ಡು ಬಂತೇನೋ?” ಎಂದರು. ಎರಡನ್ನೂ ಕೂಡಿಸಿದರೆ ಸರಿಯಾಗಿ 3,540 ಆಗುತ್ತದೆ ಎಂದೆ. “ದುಡ್ಡನ್ನೆಲ್ಲ ಅವರು ಕೊಟ್ಟುಬಿಟ್ಟರೆ ಮನೆ ಕಾಯುವವರು ಯಾರಪ್ಪ?” ಎಂದು ಕೇಳಿ ಮತ್ತೆ ಬತ್ತಿ ಹೊಸೆಯತೊಡಗಿದರು.

ನಮ್ಮ ತಾಯಿ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆದರೆ 1938ರ ವಿಮಾ ಅಧಿನಿಯಮಕ್ಕೆ ಆಮೇಲೆ ಸೇರಿಸಿದ 64ವಿಬಿ ಎಂಬ ಕಲಮು ಹೇಳುವುದೂ ಇದನ್ನೇ ಎಂದು ಆ ರಾತ್ರಿ ಹುಡುಕಿ ತಿಳಿದುಕೊಂಡೆ: ಕಂತು ಮೊದಲು ಕೈಸೇರಿದ ಹೊರತು ವಿಮೆಗಾರನು ಅಪಾಯದ ಹೊಣೆಯನ್ನು ಹೊರುವಂತಿಲ್ಲ. ಹಿಂದಿರುಗಿಸುವ ಹಣವನ್ನು ನೇರವಾಗಿ ವಿಮೆ ಮಾಡಿಸಿದವನಿಗೇ ಕೊಡಬೇಕೇ ಹೊರತು ಏಜೆಂಟನ ಲೆಕ್ಕಕ್ಕೆ ಹಾಕಕೂಡದೆಂದೂ ಅದೇ ಕಲಮು ವಿಧಿಸಿದೆ. ಅದು ಒಳ್ಳೆಯ ಮಾತೇ. ಆದರೆ ಆ ಕ್ಷಣದಲ್ಲಿ ನನಗೆ ಕಂಡದ್ದು ಇಷ್ಟು: ನನ್ನ ಕಂತು ನನ್ನ ಬಳಿಗೇ ಬಂದಿದೆಯೆಂದ ಮೇಲೆ ಜೂನ್ 1ರಿಂದ ನನ್ನ ಮನೆಯ ಮೇಲೆ ವಿಮೆಯ ನೆರಳಿಲ್ಲ.

ಶನಿವಾರ ಕಂಪನಿಯ ಕಚೇರಿಗೆ ರಜೆ. ಭಾನುವಾರ ಕೇಳುವುದೇ ಬೇಡ. ಸೋಮವಾರ ಬಕ್ರೀದ್. ಮೂರು ದಿನ ಮೃಗಶಿರೆಯ ಮೋಡಗಳನ್ನು ನೋಡುತ್ತ ಕುಳಿತೆ. ಅದೇ ಮೋಡಗಳನ್ನು ಹಿಂದಿನ ವಾರ ತರಗತಿಯ ಕಿಟಕಿಯಿಂದ ಕಂಡು ಮೆಚ್ಚಿಕೊಂಡಿದ್ದೆ. ಮಹಡಿಯಲ್ಲಿ ಎಲ್ಲೋ ತಟಕ್ಕೆಂದು ಹನಿ ಬಿದ್ದರೂ ಎದ್ದು ಕೂರುವಂತಾಯಿತು. ಹದಿನೇಳು ವರ್ಷ ತೀರಿಸಬೇಕಾದ ಸಾಲ ಉಳಿದಿರುವ ಗೋಡೆಗಳು ರಾತ್ರಿಯ ಹೊತ್ತು ಬೇರೆಯಾಗಿಯೇ ಕಾಣುತ್ತವೆ.

ಮಂಗಳವಾರ ಬೆಳಗ್ಗೆ ಸಿಹಿತಿಂಡಿಯ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮಹಡಿ ಹತ್ತಿದೆ. ಅಲ್ಲಿಯ ಕಿರಿಯ ಅಧಿಕಾರಿಣಿ, ಆಕೆಯ ಹೆಸರು ಬೇಡ, ಆ ಕಟ್ಟಡದಲ್ಲಿ ಕಾಗದವನ್ನು ಕೊನೆಯ ಸಾಲಿನವರೆಗೂ ಓದುವ ಒಬ್ಬರೇ ಇರಬೇಕು, ಎರಡೂ ಪಾಲಿಸಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಎರಡನೆಯದು ನನ್ನ ಹೆಸರಿನವರೇ ಆದ ಇನ್ನೊಬ್ಬರದು; ಹೆಸರಿನ ಹಿಂದಿನ ಎರಡು ಅಕ್ಷರಗಳೂ ಒಂದೇ, ಸಾಲ ಕೊಟ್ಟ ಶಾಖೆಯೂ ಒಂದೇ. ಬ್ಯಾಂಕಿನವರು ಅವರ ಕಂತನ್ನು ನನ್ನ ಖಾತೆಯಿಂದ ತೆಗೆದಿದ್ದರು. ನನ್ನ ಅರ್ಜಿ ಕೇಂದ್ರ ಕಚೇರಿಗೆ ಹೋದಾಗ ಅಲ್ಲಿಯವರು ಆ ಖಾತೆಯಿಂದ ಬಂದದ್ದನ್ನೆಲ್ಲ ಹಿಂದಿರುಗಿಸಿ ಎರಡು ಪಾಲಿಸಿಗಳನ್ನೂ ರದ್ದುಮಾಡಿದ್ದರು.

“ಹಾಗಾದರೆ ಆ ಇನ್ನೊಬ್ಬರಿಗೆ ಇದು ಗೊತ್ತೇ?” ಎಂದೆ.

ಆಕೆ ಪರದೆಯನ್ನು ಮತ್ತೊಮ್ಮೆ ನೋಡಿ, “ಗೊತ್ತಿರುವ ಹಾಗೆ ಕಾಣುವುದಿಲ್ಲ ಸಾರ್” ಎಂದರು. ವಿಳಾಸವನ್ನು ನನಗೆ ಹೇಳುವಂತಿರಲಿಲ್ಲ. ನಾನು ಕೇಳಲೂ ಇಲ್ಲ. “ನನ್ನ ಕೆಲಸ ಆಮೇಲಾಗಲಿ, ಮೊದಲು ಅವರಿಗೆ ತಿಳಿಸಿ” ಎಂದೆ. ಆಕೆ ಅಲ್ಲಿಂದಲೇ ಫೋನು ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ದೊಡ್ಡದಾಗಿತ್ತು: “ನೀರು ನುಗ್ಗಿದ ಮನೆ ತಾಯಿ ನಮ್ಮದು! ಆಮೇಲೇ ಅಲ್ಲವೇ ಇದನ್ನು ಮಾಡಿಸಿದ್ದು!”

ಹಣ ಪಡೆಯುವುದಕ್ಕಿಂತ ಅದನ್ನು ಮತ್ತೆ ಒಪ್ಪಿಸುವುದು ಕಷ್ಟವಾಯಿತು. ಹೊಸ ಅರ್ಜಿ ಬೇಕು, ಮನೆಯ ಭಾವಚಿತ್ರ ಬೇಕು, ಬ್ಯಾಂಕಿನ ಹೆಸರನ್ನು ಪಾಲಿಸಿಯಲ್ಲಿ ಸೇರಿಸಬೇಕು. ಸಾಲ ಇರುವ ತನಕ ಪರಿಹಾರದಲ್ಲಿ ಮೊದಲ ಹಕ್ಕು ಅವರದು. ನಮ್ಮ ಮನೆ ಬಿದ್ದರೂ ಮೊದಲು ಸಮಾಧಾನ ಆಗಬೇಕಾದದ್ದು ಬ್ಯಾಂಕಿಗೆ. ಹಳೆಯ ತಾರೀಖಿನಿಂದಲೇ ಪಾಲಿಸಿ ಕೊಡಿ ಎಂದು ವ್ಯವಸ್ಥಾಪಕರನ್ನು ಕೇಳಿದೆ. ಅದೇ 64ವಿಬಿಯನ್ನು ಅವರು ನನಗೆ ತಿರುಗಿಸಿ ಹೇಳಿದರು. ರದ್ದಾದದ್ದು ಕಚೇರಿಯ ತಪ್ಪಿನಿಂದ ಎಂದಾದರೂ ಬರೆದುಕೊಡಿ ಎಂದಾಗ ಮುಖ ಬಿಗಿಯಾಯಿತು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಲು ಅವಕಾಶವಿದೆಯೆಂದೂ, ಅವರ ಕಚೇರಿ ಬೆಂಗಳೂರಿನಲ್ಲಿಯೇ ಇದೆಯೆಂದೂ, ದೂರಿಗೆ ಶುಲ್ಕವಿಲ್ಲವೆಂದೂ ನಾನು ಆದಷ್ಟು ಮೆಲುದನಿಯಲ್ಲಿ ನೆನಪಿಸಿದೆ. ಕಾಲು ಗಂಟೆಯಲ್ಲಿ ಎರಡು ಸಾಲಿನ ಕಾಗದ ಸಿದ್ಧವಾಯಿತು. ಒಂದಲ್ಲ, ಎರಡು ಪ್ರತಿ. ಇನ್ನೊಂದು ಹೆಸರಿಗೂ ಬೇಕೆಂದು ನಾನು ಹೇಳಿದ್ದೆ.

ಮರುದಿನ ಸಹಿ ಹಾಕಲು ಹೋದಾಗ ಅವರು ಅಲ್ಲಿಯೇ ಕುಳಿತಿದ್ದರು. ನಿವೃತ್ತ ಅಂಚೆಯಾಳು, ಅರವತ್ತೈದು ದಾಟಿರಬಹುದು. ಮಡಿಸಿದ ಕೊಡೆಯ ಜೊತೆಗೆ 1,475 ರೂಪಾಯಿಯನ್ನು ಲಕೋಟೆಯಲ್ಲಿಟ್ಟು ತಂದಿದ್ದರು. ತಮ್ಮ ಕಂತು ಎರಡು ವಾರ ನನ್ನ ಖಾತೆಯಿಂದ ಹೋಗಿತ್ತಲ್ಲ, ಅದಕ್ಕಾಗಿ ನನಗೆ ಕೊಡಲು.

“ನನಗೆ ಬಂದಾಗಿದೆ ಯಜಮಾನರೇ. ಇದನ್ನು ಇಲ್ಲಿಯೇ ಕಟ್ಟಿ” ಎಂದೆ.

“ನಲವತ್ತು ವರ್ಷ ಊರಿನವರ ಕಾಗದಗಳನ್ನು ಹಂಚಿದ್ದೇನೆ ಮೇಷ್ಟ್ರೇ. ಒಬ್ಬರದು ಇನ್ನೊಬ್ಬರ ಮನೆಗೆ ಹೋಗದಂತೆ ನೋಡಿಕೊಂಡೆ” ಎಂದು ಅವರು ನಕ್ಕರು.

ಇಬ್ಬರ ಅರ್ಜಿಯನ್ನೂ ಮುಂದಿಟ್ಟುಕೊಂಡು ಅಧಿಕಾರಿಣಿ ತಂದೆಯ ಹೆಸರೇನೆಂದು ಒಬ್ಬೊಬ್ಬರನ್ನಾಗಿ ಕೇಳಿ, ಎರಡು ಸಲ ಓದಿ ಹೇಳಿದರು. ಪಾಲಿಸಿಗಳು ಜೂನ್ 19ರ ಸಂಜೆ ನಾಲ್ಕು ಗಂಟೆಯಿಂದ ಜಾರಿಗೆ ಬಂದವು. ನಾವು ಮೆಟ್ಟಿಲಿಳಿಯುವಾಗ ಗಂಟೆ ಮೂರೂವರೆ. ಹೊರಗೆ ಮಳೆ ಜೋರಾಗಿತ್ತು. ಅವರು ಕೊಡೆಯನ್ನು ಬಿಚ್ಚದೆ ಸಿಹಿತಿಂಡಿಯ ಅಂಗಡಿಯ ಸೂರಿನಡಿ ನಿಂತು, “ಇನ್ನು ಅರ್ಧ ಗಂಟೆ ಮೇಷ್ಟ್ರೇ” ಎಂದರು.